ಶ್ರೀಯಾಳ ನಂಬರಿನಿಂದ ಬಂದದ್ದು

ಪ್ರಣಮ್ಯಾ,

ಸಾಂಬಾರ್ ಬಿಸಿ ಮಾಡಿಕೊಂಡು ಊಟ ಮಾಡು. ನಿನ್ನ ಫೋನ್ ನನ್ನ ಹತ್ತಿರ ಇದೆ, ಮನೆಯೆಲ್ಲ ಹುಡುಕಬೇಡ.

ನಿನ್ನ ಗೆಳತಿ ಶ್ರೀಯಾ ಜ್ವರದಿಂದ ತೀರಿಕೊಂಡು ಎರಡು ತಿಂಗಳಾಯಿತು. ಅವಳ ನಂಬರಿನಿಂದ ದಿನಾ ನಿನಗೆ ಮೆಸೇಜ್ ಬರುತ್ತಿದೆ, ನೀನೂ ಉತ್ತರ ಕೊಡುತ್ತಿದ್ದೀಯ. ನನಗೇಕೆ ಹೇಳಲಿಲ್ಲ? "ನಾಳೆ ಬಸ್ಸಲ್ಲಿ ಸೀಟ್ ಹಿಡೀತೀಯಾ?" ಎಂದು ಆ ಕಡೆಯಿಂದ; "ದಿನಾ ಹಿಡೀತಿದ್ದೀನಲ್ಲ, ಬಾ," ಎಂದು ನೀನು.

ಯಾರೋ ಪೋಕರಿಗಳ ಕೆಲಸವೆಂದು ನಿನ್ನೆ ಸಂಜೆ ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅವಳ ಅಮ್ಮ ಸೀತಾ.

"ಸುಗುಣಕ್ಕಾ, ಶ್ರೀಯಾ ಈಗಷ್ಟೇ ಸ್ಕೂಲಿಂದ ಬಂದ್ಳು. ಮುಖ ತೊಳೀತಿದ್ದಾಳೆ, ಒಂದ್ನಿಮಿಷ ಇರಿ," ಎಂದಳು. ಹಿಂದಿನಿಂದ ನಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಕಾದೆ, ನೀರು ನಿಲ್ಲಲಿಲ್ಲ.

ಈಗ ಪೆರಂಬೂರಿಗೆ, ಅವಳ ಮನೆಗೆ ಹೊರಟಿದ್ದೇನೆ. ಬರುತ್ತೇನೆಂದು ಬೆಳಿಗ್ಗೆ ಹೇಳಿದಾಗ, "ಪ್ರಣಮ್ಯಾನ್ನೂ ಕರ್ಕೊಂಡ್ ಬನ್ನಿ ಅಕ್ಕಾ, ಮಕ್ಳಿಬ್ರಿಗೂ ಬಜ್ಜಿ ಮಾಡಿಡ್ತೀನಿ," ಎಂದಳು. ನಿನ್ನನ್ನು ಕರೆದೊಯ್ಯಲು ನನಗೆ ಧೈರ್ಯವಾಗಲಿಲ್ಲ.

ಬಾಗಿಲು ಹಾಕಿಕೊಂಡಿರು. ನಾನು ಬಂದು ಬೈಯುವುದಿಲ್ಲ, ಒಂದೇ ಮಾತು ಕೇಳುತ್ತೇನೆ: ಇಷ್ಟು ದಿನ ಯಾರ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದೆ, ಮಗಳೇ?

ಅಮ್ಮ