ಬಾಯಲ್ಲಿ ಮಾಡಿ ತೋರಿಸು

ಸೆಪ್ಟೆಂಬರ್ 2, ಮಂಗಳವಾರ

ಇವತ್ತೂ ಅದೇ. ನಲವತ್ತು ದಾಟಿದ ಕೂಡಲೇ ಕಾರಿನ ಮುಂಭಾಗದಿಂದ ಗುಂಯ್. ಅರವತ್ತಕ್ಕೆ ಇನ್ನೂ ಜೋರು. ನ್ಯೂಟ್ರಲ್‌ಗೆ ಹಾಕಿ ನೋಡಿದೆ, ಆಗಲೂ ಗುಂಯ್. ಅಂದರೆ ಇಂಜಿನ್ ಅಲ್ಲ. ಮತ್ತೇನು?

ಹಿಂದಿನ ಸೀಟಿನಲ್ಲಿ ಪುಟ್ಟಿ ಅದೇ ಶ್ರುತಿ ಹಿಡಿದು ಗುನುಗುತ್ತಿದ್ದಳು. ಸ್ವಲ್ಪ ಸುಮ್ಮನಿರೇ, ಕೇಳಿಸಿಕೊಳ್ಳಬೇಕು ಎಂದೆ. ಎಂಟು ವರ್ಷದ ನನ್ನ ಮಗಳು ಮಲಗಿದ್ದಾಗ ಬಿಟ್ಟು ಮಿಕ್ಕ ಹೊತ್ತೆಲ್ಲ ಗುನುಗುತ್ತಾಳೆ. ತನಗೇ ಗೊತ್ತಿರುವುದಿಲ್ಲ.

ಇವರನ್ನು ಕೇಳಿದೆ. "ರೇಡಿಯೋ ಸ್ವಲ್ಪ ಜೋರು ಮಾಡ್ಕೋ, ಕೇಳ್ಸಲ್ಲ." ಕಟ್ಟಿಕೊಂಡಿದ್ದಕ್ಕೆ ಸಾರ್ಥಕವಾಯಿತು.

ಕೊನೆಗೆ ಅಪ್ಪ. ಮೂವತ್ತೆಂಟು ವರ್ಷ ಗ್ಯಾರೇಜ್ ನಡೆಸಿದವರು, ಈಗ ನಮ್ಮ ಜೊತೆ ಇದ್ದಾರೆ. ಬೆಳಗ್ಗೆ ಪುಟ್ಟಿಯನ್ನು ಸ್ಕೂಲಿಗೆ ಬಿಟ್ಟು, ಕಾರನ್ನು ಮನೆಯಲ್ಲಿ ನಿಲ್ಲಿಸಿ ನಾನು ಕನ್ನಡಕದ ಅಂಗಡಿಗೆ ನಡೆಯುತ್ತೇನೆ. ಮೂರೂವರೆಗೆ ಅಪ್ಪ ಅದೇ ಕಾರಿನಲ್ಲಿ ಅವಳನ್ನು ಕರೆತರುತ್ತಾರೆ. ಎರಡು ಗಂಟೆಗೇ ತಲೆ ಬಾಚಿ, ಕೀ ಜೇಬಿಗೆ ಹಾಕಿಕೊಂಡು ಕೂತಿರುತ್ತಾರೆ.

"ಶಬ್ದಾನಾ? ನಂಗೇನೂ ಗೊತ್ತಾಗ್ಲಿಲ್ವಲ್ಲ."

ದಿನಾ ಓಡಿಸುವವರಿಗೆ ಗೊತ್ತಾಗಲಿಲ್ಲವಂತೆ. ಆಮೇಲೆ ತಮ್ಮ ಗ್ಯಾರೇಜಿನ ಹಳೇ ಕಾನೂನು ತೆಗೆದರು: "ಎಲ್ಲಿ, ಬಾಯಲ್ಲಿ ಮಾಡಿ ತೋರ್ಸು." ಅಲ್ಲಿ ಯಾವ ಗಿರಾಕಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಟೈ ಕಟ್ಟಿದ ಬ್ಯಾಂಕ್ ಮ್ಯಾನೇಜರ್ ಬಾಗಿಲಲ್ಲಿ ನಿಂತು ಕಟಕಟ ಕಿರ್ರ್ ಎಂದಾಗ ನಾನು ಒಳಗೆ ಓಡಿಹೋಗಿ ನಕ್ಕಿದ್ದೆ.

ಗುಂಯ್ ಎಂದೆ.

"ಈ ಕಡೆ ತಿರುಗಿ ಮಾಡು."

ಮತ್ತೆ ಗುಂಯ್.

"ಟೈರು, ಇಲ್ದಿದ್ರೆ ಬೇರಿಂಗು. ಭಾನುವಾರ ನೋಡೋಣ."

ಸೆಪ್ಟೆಂಬರ್ 7, ಭಾನುವಾರ

ಕೈತುಂಬ ಗ್ರೀಸು. ಪುಟದ ಮೇಲೂ ಬಿದ್ದಿದೆ, ಇರಲಿ.

ಮೊದಲು ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಟೈರಿನದೇ ಶಬ್ದವಾಗಿದ್ದರೆ ಅದರ ಜೊತೆ ಹಿಂದಕ್ಕೆ ಹೋಗಬೇಕು. ಹೋಗಲಿಲ್ಲ. ಮುಂದೆಯೇ ಗಟ್ಟಿಯಾಗಿ ಕೂತಿದೆ.

ಆಮೇಲೆ ಊರಾಚೆಯ ಖಾಲಿ ಮೈದಾನ. ನಾನು ಸ್ಟಿಯರಿಂಗ್ ಹಿಡಿದೆ, ಅಪ್ಪ ಪಕ್ಕದಲ್ಲಿ. ದೊಡ್ಡದಾಗಿ ಬಲಕ್ಕೆ ಸುತ್ತಿದೆ. ಗುಂಯ್ ಜೋರಾಯಿತು. ಎಡಕ್ಕೆ ಸುತ್ತಿದೆ. ಬಾಯಿ ಮುಚ್ಚಿಕೊಂಡಿತು. ಮತ್ತೆ ಬಲಕ್ಕೆ, ಮತ್ತೆ ಜೋರು. ಒಳ್ಳೇ ಮಜಾ ಇದು. ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತದೆ.

ಅಪ್ಪ ರಸ್ತೆ ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. "ಈಗ? ಈಗ ಹೇಗಿದೆ?"

"ಜೋರಾಗಿದೆಯಪ್ಪ, ಕೇಳ್ತಿದೆಯಲ್ಲ."

"ನೀನು ಹೇಳು. ಬಲಕ್ಕೆ ತಿರುಗ್ದಾಗ ಭಾರ ಯಾವ ಕಡೆ ಬೀಳುತ್ತೆ?"

"ಎಡಗಡೆ."

"ಭಾರ ಬಿದ್ದಾಗ ಅಳೋದು ಯಾರು?"

"ಎಡಗಡೆ ಚಕ್ರ." ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ಮೇಷ್ಟ್ರು ಪಾಠ ಹೇಳಿಕೊಡುತ್ತಿದ್ದಾರೆ ಎಂದುಕೊಂಡೆ.

ಮನೆಗೆ ಬಂದು ಜಾಕ್ ಕೊಟ್ಟು ಎತ್ತಿದೆವು. ಅಪ್ಪ ನೆಲದ ಮೇಲೆ ಕೂತು, ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. "ತಿರುಗ್ಸು." ಕೈಯಿಂದ ಚಕ್ರ ಬೀಸಿ ತಿರುಗಿಸಿದೆ. "ಹೂಂ, ಇದೇ." ಬಲಗಡೆಯದಕ್ಕೂ ಹಾಗೇ ಕೈ ಇಟ್ಟರು. "ಇದು ಚೆನ್ನಾಗಿದೆ."

ನಾನೂ ಇಟ್ಟು ನೋಡಿದೆ. ಮೊದಲು ಏನೂ ತಿಳಿಯಲಿಲ್ಲ. ಉಸಿರು ಬಿಗಿಹಿಡಿದೆ. ಎಡಗಡೆಯದರಲ್ಲಿ ಸಣ್ಣಗೆ, ಹಿಟ್ಟಿನಲ್ಲಿ ಮರಳು ಬೆರೆತಂತೆ. ಬಲಗಡೆ ಏನೂ ಇಲ್ಲ. ಐದಾರು ಸಲ ಎರಡೂ ಕಡೆ ಓಡಾಡಿದೆ. ಪುಟ್ಟಿಯ ಕೈಯನ್ನೂ ಇಡಿಸಿದೆ. "ಇರುವೆ ಓಡಾಡ್ತಿದೆ" ಎಂದಳು.

ಒಂದು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಎಡ ಚಕ್ರ ತಿರುಗಿಸಿದಾಗ ಗರಗರ ಎಂದು ಕಿವಿಗೇ ಕೇಳುತ್ತಿತ್ತು. ಗೇಟಿನ ಹತ್ತಿರ ನಿಂತಿದ್ದ ಇವರಿಗೂ ಕೇಳಿತು. ಹಾಗಿದ್ದ ಮೇಲೆ ಕೈ ಯಾಕೆ?

ಸೆಪ್ಟೆಂಬರ್ 13, ಶನಿವಾರ

ಹಳೇ ಬೇರಿಂಗ್ ಈಗ ನನ್ನ ಮೇಜಿನ ಮೇಲಿದೆ. ಬೆರಳಿಗೆ ಸಿಕ್ಕಿಸಿ ತಿರುಗಿಸಿದರೆ ತಡೆತಡೆದು ಹೋಗುತ್ತದೆ.

ಕೆಲಸ ಆಗಿದ್ದು ಮೀಸೆಯ ಗ್ಯಾರೇಜಿನಲ್ಲಿ. ಮೀಸೆ ಅಪ್ಪನ ಶಿಷ್ಯ. ನಲವತ್ತೈದು ದಾಟಿದವನು, ಅಪ್ಪನ ಗ್ಯಾರೇಜ್ ಈಗ ಅವನದೇ. ಬೇರಿಂಗ್ ಕೂರಿಸುವ ಪ್ರೆಸ್ ಮನೆಯಲ್ಲಿ ಎಲ್ಲಿಂದ ಬರಬೇಕು? ಚಕ್ರ, ಬ್ರೇಕ್ ಬಿಚ್ಚಿ, ಹಬ್ ಎಳೆದು, ಲಾಕ್ ರಿಂಗ್ ತೆಗೆದು, ಹಳೆಯದನ್ನು ಪ್ರೆಸ್ಸಿನಲ್ಲಿ ಹೊರಗೆ ತಳ್ಳಿದ. ಫಟ್ ಎಂದು ಗುಂಡು ಹೊಡೆದ ಹಾಗೆ ಸದ್ದು. ನಾನು ಹಾರಿಬಿದ್ದೆ. ಹೊಸದನ್ನು ಕೂರಿಸುವಾಗ ಹೊರಗಿನ ಬಳೆಯನ್ನಷ್ಟೇ ಒತ್ತಬೇಕಂತೆ. ಒಳಗಿನ ಬಳೆಗೆ ಒತ್ತಡ ಬಿದ್ದರೆ ಹೊಸ ಬೇರಿಂಗೂ ಅಲ್ಲೇ ಹಾಳು.

ಅಪ್ಪ ಪ್ರೆಸ್ಸಿನ ಕಂಬಕ್ಕೆ ಕೈ ಇಟ್ಟು ನಿಂತಿದ್ದರು. ಫಟ್ ಎಂದಾಗ ಅವರ ರೆಪ್ಪೆ ಸಹ ಅಲ್ಲಾಡಲಿಲ್ಲ.

ಮೀಸೆ ನನ್ನನ್ನು ನೋಡಿದ. "ಅಕ್ಕಾ, ನಿಮ್ಗೆ ಗೊತ್ತಿಲ್ವಾ? ಗುರುಗಳಿಗೆ ಹತ್ತು ವರ್ಷದಿಂದ ಕಿವಿ ಅಷ್ಟಕ್ಕಷ್ಟೆ. ಬಾಯಲ್ಲಿ ಮಾಡಿ ತೋರ್ಸಿ ಅನ್ನೋದು ಶುರುವಾಗಿದ್ದೇ ಆಮೇಲೆ. ಗಿರಾಕಿ ತುಟಿ ನೋಡೋರು, ಸ್ಪ್ರಿಂಗ್ ಮೇಲೆ ಕೈ ಇಡೋರು, ಅಲ್ಲಿಗೆ ಮುಗೀತು. ಒಂದ್ಸಲಾನೂ ತಪ್ಪಿಲ್ಲ."

ಅವನು ಪಿಸುಮಾತಿನಲ್ಲಿ ಹೇಳಲಿಲ್ಲ. ಅಷ್ಟರಲ್ಲಿ ಅಪ್ಪ ಕಿಟಕಿಯ ಕಡೆ ತಿರುಗಿದ್ದರು, ನಮ್ಮಿಂದ ಎರಡಡಿ ದೂರ, ಬೆನ್ನು ನಮ್ಮ ಕಡೆ. ತಿರುಗಲಿಲ್ಲ.

ವಾಪಸ್ ಬರುವಾಗ ಅರವತ್ತು, ಎಪ್ಪತ್ತು — ಗುಂಯ್ ಇಲ್ಲ. ಖುಷಿಯಾಗಬೇಕಿತ್ತು. ಮೂರೂವರೆಯದೇ ಯೋಚನೆ. ಸ್ಕೂಲಿನ ಮುಂದಿನ ಆ ಕ್ರಾಸಿನಲ್ಲಿ ಲಾರಿ ಹಾರ್ನ್ ಹೊಡೆದರೆ?

ಅಂಗಡಿಯಲ್ಲಿ ಊರವರ ಕಣ್ಣು ಕೂದಲೆಳೆ ಲೆಕ್ಕದಲ್ಲಿ ಅಳೆಯುತ್ತೇನೆ. ಒಂದೇ ಮನೆಯಲ್ಲಿದ್ದೂ ಇದು ಕಾಣಲಿಲ್ಲ. ನಾಚಿಕೆಯಾಗುತ್ತದೆ.

ಸೆಪ್ಟೆಂಬರ್ 29, ಸೋಮವಾರ

ಎರಡು ವಾರ ಏನೂ ಬರೆದಿಲ್ಲ. ಅಂಗಡಿಯಿಂದ ಬಿಡುವು ಮಾಡಿಕೊಂಡು ನಾನೇ ಪುಟ್ಟಿಯನ್ನು ಕರೆತರುತ್ತಿದ್ದೆ. ದಿನಕ್ಕೊಂದು ನೆವ. ಟೀಚರ್ ನೋಡಬೇಕು, ಚಪ್ಪಲಿ ಕೊಡಿಸಬೇಕು, ಹೊಸ ಬೇರಿಂಗ್ ಪರೀಕ್ಷೆ ಮಾಡಬೇಕು. ಅಪ್ಪ ಎರಡು ಗಂಟೆಗೆ ತಲೆ ಬಾಚುವುದನ್ನು ಬಿಟ್ಟಿದ್ದರು.

ಇವತ್ತು ನೆವ ಹುಡುಕುತ್ತಿದ್ದಾಗ ಕೀ ತಂದು ನನ್ನ ಕೈಯಲ್ಲಿಟ್ಟರು.

"ಮೀಸೆ ಹೇಳಿದ್ದು ಗೊತ್ತು. ಕಿಟಕಿ ಗಾಜಲ್ಲಿ ಅವನ ಬಾಯಿ ಕಾಣ್ತಿತ್ತು."

ನನ್ನ ಕೈಯಲ್ಲಿದ್ದ ಕೀ ತೋರಿಸಿದರು.

"ಹೇಳಿದ್ರೆ ಇದನ್ನ ಕಿತ್ಕೋತೀಯ ಅಂತ ಹೇಳ್ಲಿಲ್ಲ. ಗ್ಯಾರೇಜ್ ಹೋಯ್ತು. ಉಳಿದಿದ್ದು ಅದೊಂದೇ, ಆ ಮಗೂನ ಕರ್ಕೊಂಡು ಬರೋದು. ಕನ್ನಡಿ ನೋಡಿ ನೋಡಿ ಓಡಿಸ್ತೀನಿ. ಅದೂ ಸಾಲ್ದು ಅನ್ನೋದಾದ್ರೆ ಬಾಯಿಬಿಟ್ಟು ಹೇಳು, ನೆವ ಹೇಳ್ಬೇಡ."

ಅತ್ತುಬಿಟ್ಟೆ. ಆಮೇಲೆ ಅವರ ಮುಂದೆ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ. "ಡಾಕ್ಟರ್‌ಗೆ ತೋರ್ಸೋಣ. ಅವ್ರು ಹೂಂ ಅಂದ್ರೆ ಕೀ ನಿಮ್ದೇ. ಊಹೂಂ ಅಂದ್ರೆ ನಂದು."

ಅಪ್ಪ "ಹೂಂ" ಎಂದರು.

ಅಕ್ಟೋಬರ್ 9, ಗುರುವಾರ

ಕಿವಿ ಡಾಕ್ಟರು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಅಪ್ಪ, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಒಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ಹೊರಗೆ ನಿಂತು ನಾನು ಎಣಿಸುತ್ತಿದ್ದೆ. ಬಹಳ ಹೊತ್ತು ಒತ್ತಲೇ ಇಲ್ಲ. ಕೈ ಇಡಲು ಅಲ್ಲಿ ಸ್ಪ್ರಿಂಗ್ ಇಲ್ಲ.

ಎರಡೂ ಕಿವಿ ಅರ್ಧಕ್ಕಿಂತ ಕಮ್ಮಿ. ಕಿವಿಗೆ ಮೆಷಿನ್ ಹಾಕಿಕೊಂಡರೆ ಕಾರು ಓಡಿಸಬಹುದು ಎಂದರು ಡಾಕ್ಟರು. ಅಪ್ಪ ಅವರ ತುಟಿಯಿಂದಲೇ ಅದನ್ನು ಓದಿ, ನನ್ನ ಕಡೆ ತಿರುಗಿ ಕೀಗಾಗಿ ಕೈ ಚಾಚಿದರು. ಮೊದಲು ಮೆಷಿನ್ ಬರಲಿ, ಮೊದಲ ದಿನ ನಾನೂ ಜೊತೆಗೆ ಬರುತ್ತೇನೆ ಎಂದೆ.

ಅಕ್ಟೋಬರ್ 16, ಗುರುವಾರ, ಸಂಜೆ 5

ಬಿಸಿ ಆರುವ ಮೊದಲು ಬರೆಯಬೇಕು.

ಎರಡೂ ಕಿವಿಗೆ ಮೆಷಿನ್ ಹಾಕಿಕೊಂಡು ಅಪ್ಪ ಓಡಿಸಿದರು. ಎರಡು ಗಂಟೆಗೇ ತಲೆ ಬಾಚಿದ್ದರು. ಹಾರ್ನುಗಳಿಗೆ ಮುಖ ಸಿಂಡರಿಸಿದರು. ಇಂಡಿಕೇಟರ್ ಟಿಕ್ ಟಿಕ್ ಎಂದರೆ, "ಇದು ಇಷ್ಟು ಗಲಾಟೆ ಮಾಡುತ್ತಾ?" ಕ್ರಾಸಿನಲ್ಲಿ ಲಾರಿ ಬಂತು. ನಾನು ನೋಡುವ ಮೊದಲೇ ಬ್ರೇಕ್ ಹಾಕಿದ್ದರು. ಎದೆ ಹಗುರಾಯಿತು.

ಪುಟ್ಟಿ ಹತ್ತಿದಳು. ನಾಲ್ಕು ಬೀದಿ ದಾಟಿದ ಮೇಲೆ ಅಪ್ಪನ ಹುಬ್ಬು ಗಂಟಿಕ್ಕಿತು. ವೇಗ ಇಳಿಸಿದರು, ಏರಿಸಿದರು. ಸ್ಟಿಯರಿಂಗನ್ನು ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ.

"ಹಿಂದ್ಗಡೆ ಬಲ ಚಕ್ರ. ಏನೋ ಸಣ್ಣಗೆ ಅಂತಿದೆ. ನಿಂಗೆ ಕೇಳ್ತಿಲ್ವಾ?"

ಇಲ್ಲವಲ್ಲ ಎಂದೆ. ನಿಜವಾಗಿ ಕೇಳಲಿಲ್ಲ, ಅಷ್ಟು ಅಭ್ಯಾಸವಾಗಿಬಿಟ್ಟಿದೆ ನನಗೆ. ಮತ್ತೊಂದು ಬೇರಿಂಗ್ ಹೋಯಿತೇನೋ ಎಂದುಕೊಂಡೆ. ಆಗ ತಿಳಿಯಿತು. ಬಲಗಡೆ ಹಿಂದಿನ ಸೀಟಿನಲ್ಲಿ, ಕಿಟಕಿಗೆ ಹಣೆ ಒತ್ತಿಕೊಂಡು —

"ತಾತ, ಅದು ಚಕ್ರ ಅಲ್ಲ. ನಾನು."

ಮೂರು ವರ್ಷ ಪ್ರತಿದಿನ ಅವಳನ್ನು ಕರೆತಂದಿದ್ದಾರೆ, ಆ ಗುನುಗು ಕೇಳಿದ್ದು ಇವತ್ತೇ. ಅಪ್ಪ ಕಾರು ಬದಿಗೆ ತಂದು ನಿಲ್ಲಿಸಿದರು. ಇಂಜಿನ್ ಆಫ್ ಮಾಡಿದರು. ಪೂರ್ತಿ ಹಿಂದಕ್ಕೆ ತಿರುಗಿ, ಅವಳ ತುಟಿ ನೋಡದೆ ಕಣ್ಣು ಮುಚ್ಚಿಕೊಂಡು, "ಎಲ್ಲಿ ಮರಿ, ಇನ್ನೊಂದ್ಸಲ ಬಾಯಲ್ಲಿ ಮಾಡಿ ತೋರ್ಸು" ಎಂದರು, ಪುಟ್ಟಿ ನಾಚಿಕೊಂಡು ನನ್ನ ಮುಖ ನೋಡಿದಳು, ನಾನು ಹೂಂ ಎಂದು ತಲೆಯಾಡಿಸಿದೆ, ಅವಳು ಶುರು ಮಾಡಿದಳು, ಅಪ್ಪ ಕಣ್ಣು ತೆರೆಯದೆ, ಕೈ ಎಲ್ಲೂ ಇಡದೆ, ಬರೀ ಕಿವಿಯಿಂದ ಕೇಳುತ್ತ ಕೂತರು.