ಚಿನಕುರುಳಿಗೆ ಸ್ಕೀ ಕೊಡಿಸುವ ವಿಷಯ

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಂಗಿಗೆ ಅಣ್ಣ ಮಾಡುವ ಆಶೀರ್ವಾದಗಳು. ಭಾವನವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗಳು ಚಿನಕುರುಳಿಗೆ ಮಾವ ಕೆನ್ನೆ ಹಿಂಡಿದ ಎಂದು ಹೇಳು. ಇಲ್ಲಿ ನಾವು ಮೂವರೂ ಉಣ್ಣುತ್ತಾ ಮಲಗುತ್ತಾ ಇದ್ದೇವೆ. ಇದಕ್ಕೆ ಕ್ಷೇಮ ಎಂದು ಹೆಸರಿಡುವುದಾದರೆ ಕ್ಷೇಮ.

ಡಿಸೆಂಬರ್ ಮೊದಲ ವಾರ ನೀನು ಬರೆದ ಪತ್ರಕ್ಕೆ ಮಾರ್ಚ್ ಅರ್ಧ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ನಡುವೆ ನೀನು ಹಾಕಿದ ಎರಡು ಕಾರ್ಡೂ ಬಂದವು. ಎರಡನೆಯದರಲ್ಲಿ "ಇದ್ದೀಯೋ ಇಲ್ವೋ, ಅದೊಂದಾದ್ರೂ ಬರಿ ಮಹಾರಾಯ" ಎಂದಿದ್ದೆ. ಇದ್ದೇನೆ. ಅಂಗಡಿಯಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ ಎಂದು ಬರೆದುಬಿಡಬಹುದಿತ್ತು. ನಿಜ ಏನೆಂದರೆ ಈ ಚಳಿಗಾಲವೆಲ್ಲ ನೊಣ ಹೊಡೆಯುತ್ತಾ ಕೂತಿದ್ದೆ, ಚಳಿಗಾಲದಲ್ಲಿ ನೊಣವೂ ಸಿಗುವುದಿಲ್ಲ.

ಹಿಮ ಜನವರಿಯಲ್ಲಿ ಹತ್ತು ದಿನ ಬಿತ್ತು, ಆಮೇಲೆ ಮಳೆ ಹಿಡಿಯಿತು. ಇಳಿಜಾರಿನ ಬುಡದಲ್ಲಿ ಕಂದು ಹುಲ್ಲು ಕಾಣುತ್ತಿದೆ. ಜನರನ್ನು ಮೇಲಕ್ಕೆ ಒಯ್ಯುವ ಕುರ್ಚಿಗಳು ತಂತಿಯ ಮೇಲೆ ಖಾಲಿ ನೇತಾಡುತ್ತಿವೆ. ನಮ್ಮ ಅಂಗಡಿಯ ಯಜಮಾನರು ಮುಂದಿನ ಗಾಜಿನ ಕಿಟಕಿಯಿಂದ ಸ್ಕೀ ತೆಗೆದು ಛತ್ರಿ, ಮಳೆಕೋಟು ನೇತುಹಾಕಿದ್ದಾರೆ. "ಇದಾದ್ರೂ ಹೋಗುತ್ತೆ ಕಣಯ್ಯಾ" ಎನ್ನುತ್ತಾರೆ. ಇನ್ನೊಂದು ಚಳಿಗಾಲ ನೋಡುತ್ತಾರಂತೆ.

ಇನ್ನು ನಿನ್ನ ಪ್ರಶ್ನೆ. ನಿನ್ನ ಪತ್ರ ಮುಂದೆಯೇ ಇದೆ, ನಿನ್ನ ಮಾತನ್ನೇ ಬರೆಯುತ್ತೇನೆ: "ಚಿನಕುರುಳಿಗೆ ಹನ್ನೆರಡು ತುಂಬುತ್ತೆ. ಸ್ಕೀ ಕಲೀಲೇಬೇಕು ಅಂತ ಒಂದೇ ಹಟ. ಎಲ್ಲಿ ಕೊಳ್ಳೋದು, ಯಾವಾಗ ಕೊಳ್ಳೋದು, ಬಯಲುಸೀಮೆ ಜನ ನಮಗೇನು ಗೊತ್ತಾಗುತ್ತೆ. ನೀನು ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸದಲ್ಲಿ ಇರೋನು. ನೀನೇ ಆರಿಸಿ, ನಿನ್ನ ಕೈಯಾರೆ ಜೋಡಿಸಿ ಇಟ್ಟಿರು, ರಜಕ್ಕೆ ಬರ್ತೀವಿ. ಸೋದರಮಾವ ಅಂತ ಇರೋದು ಮತ್ತೆ ಯಾಕೆ."

ಸುಲಭದ್ದನ್ನು ಮೊದಲು ಹೇಳುತ್ತೇನೆ. ಬೂಟನ್ನೂ ಸ್ಕೀಯನ್ನೂ ಒಂದೇ ದಿನ ಕೊಳ್ಳುವವರು ಅವಸರದ ಮಂದಿ. ಬೂಟು ಕೊಳ್ಳಬೇಕಾದದ್ದು ಚಳಿಗಾಲ ಶುರುವಾಗುವ ಮುಂಚೆ, ಆಗ ಎಲ್ಲ ಅಳತೆಯದೂ ಕಪಾಟಿನಲ್ಲಿ ಇರುತ್ತದೆ. ಸ್ಕೀ ಕೊಳ್ಳಬೇಕಾದದ್ದು ಹಿಮ ಕರಗುವಾಗ, ಆಗ ಅಂಗಡಿಯವನಿಗೆ ಅದನ್ನು ಸಾಗಹಾಕಿದರೆ ಸಾಕಾಗಿರುತ್ತದೆ. ನಿಮ್ಮೂರಿನ ದೊಡ್ಡ ಮಳಿಗೆಗಳಲ್ಲಿ ಟಿವಿ, ಫ್ರಿಜ್ಜಿನ ಪಕ್ಕದಲ್ಲಿ ರಾಶಿ ಹಾಕಿಕೊಂಡು ಮಾರುತ್ತಾರಲ್ಲ, ಆ ಬೂಟಿನ ಹತ್ತಿರ ಸುಳಿಯಬೇಡ. ಮಾರುವವನು ಮೊಣಕಾಲೂರಿ ಕೂತು ಮಗುವಿನ ಪಾದವನ್ನು ಕೈಯಲ್ಲಿ ಹಿಡಿದು ನೋಡಬೇಕು. ಹಾಗೆ ನೋಡದವನ ಅಂಗಡಿಯಿಂದ ಎದ್ದು ಬಾ. ಹೋಗುವುದಾದರೆ ಸಂಜೆಯ ಹೊತ್ತಿಗೆ ಹೋಗು, ದಿನವೆಲ್ಲ ಓಡಾಡಿ ಪಾದ ಒಂದಿಷ್ಟು ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ತೆಳುವಾದ ಕಾಲುಚೀಲ, ಒಂದೇ ಜೊತೆ. ನೆಟ್ಟಗೆ ನಿಂತಾಗ ಬೆರಳು ಮುಂದಕ್ಕೆ ತಾಗಬೇಕು, ಮಂಡಿ ಬಗ್ಗಿಸಿದರೆ ಹಿಂದಕ್ಕೆ ಸರಿಯಬೇಕು.

"ಬೆಳೆಯೋ ಮಗು, ಒಂದು ಸೈಜು ದೊಡ್ಡದೇ ಇರಲಿ" ಎಂದು ನೀನು ಹೇಳಿಯೇ ಹೇಳುತ್ತೀಯ. ನಮ್ಮಮ್ಮ ನಮಗೆ ಚಪ್ಪಲಿ ಕೊಡಿಸಿದ್ದು ಹಾಗೇ ತಾನೆ. ನೀನು ನಾಲ್ಕನೇ ಕ್ಲಾಸಿನಲ್ಲಿ ದೋಣಿಯಂಥ ಚಪ್ಪಲಿ ಹಾಕಿಕೊಂಡು ಟಪ್ ಟಪ್ ಎಂದು ನಡೆಯುತ್ತಿದ್ದುದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಇಲ್ಲಿ ಆ ಲೆಕ್ಕಾಚಾರ ನಡೆಯುವುದಿಲ್ಲ. ನನ್ನನ್ನು ಕೇಳಿದರೆ ಬೆಳೆಯುವ ಮಕ್ಕಳಿಗೆ ಕೊಳ್ಳುವುದೇ ದಂಡ, ಒಂದೆರಡು ವರ್ಷ ಬಾಡಿಗೆಯದು ಸಾಕು. ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೇ ಇರಬೇಕು ನಮ್ಮ ಅಂಗಡಿ ಛತ್ರಿಗೆ ಬಂದದ್ದು.

ಆಮೇಲೆ ಕೊಂಡಿ. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಭಾಗಕ್ಕೆ ಬೈಂಡಿಂಗ್ ಎಂದು ಹೆಸರು, ನಮ್ಮ ಅಂಗಡಿಯಲ್ಲಿ ಸುಮ್ಮನೆ ಕೊಂಡಿ ಎನ್ನುತ್ತೇವೆ. ಜಾರುವಾಗ ಅದು ಹಿಡಿದಿರಬೇಕು, ಬಿದ್ದರೆ ತಾನಾಗಿ ಬಿಟ್ಟುಬಿಡಬೇಕು. ಬಿಡದೆ ಹೋದರೆ ಉದ್ದನೆಯ ಸ್ಕೀ ಒಂದು ಕಡೆಗೆ ತಿರುಗುತ್ತದೆ, ಕಾಲೂ ಅದರ ಜೊತೆಗೆ ತಿರುಗುತ್ತದೆ. ಎಷ್ಟು ಬಲಕ್ಕೆ ಬಿಡಬೇಕು ಎನ್ನುವುದಕ್ಕೆ ಒಂದು ನಂಬರಿದೆ, ಕೊಂಡಿಯ ಮೇಲೆ ಉಗುರಿನಷ್ಟು ಕಿಂಡಿಯಲ್ಲಿ ಕಾಣುತ್ತದೆ. ನಂಬರು ಏರಿದಷ್ಟೂ ಕೊಂಡಿ ಬಿಗಿ. ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಆಟ ಎಷ್ಟು ಚೆನ್ನಾಗಿ ಬರುತ್ತದೆ ಎನ್ನುವುದು, ಇಷ್ಟನ್ನೂ ಪಟ್ಟಿಯಲ್ಲಿ ನೋಡಿಕೊಂಡು ಸ್ಕ್ರೂ ತಿರುಗಿಸಿ ನಂಬರು ಕೂರಿಸುತ್ತೇವೆ. ಗಿರಾಕಿಗಳಲ್ಲಿ ಹೆಂಗಸರು ತಮ್ಮ ತೂಕ ಇಳಿಸಿ ಹೇಳುತ್ತಾರೆ, ಅಪ್ಪಂದಿರು ಮಕ್ಕಳ ಜಾಣತನ ಏರಿಸಿ ಹೇಳುತ್ತಾರೆ. ಏರಿಸಿ ಹೇಳುವ ಅಪ್ಪಂದಿರನ್ನು ನಾನು ಕೌಂಟರಿನಲ್ಲೇ ಬೈದು ಕಳಿಸಿದ್ದೇನೆ, ಅದು ಊರಿಗೆಲ್ಲ ಗೊತ್ತು.

ಹೀಗೆ ಎಲ್ಲಿ, ಯಾವಾಗ ಎನ್ನುವುದಕ್ಕೆ ಉತ್ತರ ಕೊಟ್ಟಂತಾಯಿತು. ಆದರೆ ನಾನೇ ಆರಿಸಿ ಜೋಡಿಸಿಕೊಡುವ ಮಾತು ಇದೆಯಲ್ಲ, ಅದು ಆಗುವುದಿಲ್ಲ ತಂಗಿ. ಹಿಮ ಕರಗಿದರೆ ಪ್ರಶ್ನೆಯೂ ಕರಗುತ್ತದೆ ಎಂದುಕೊಂಡು ಇಷ್ಟು ದಿನ ಬಾಯಿಗೆ ಬೀಗ ಹಾಕಿ ಕೂತಿದ್ದೆ. ಹಿಮ ಕರಗಿತು, ನಿನ್ನ ಕಾರ್ಡು ಬಂತು.

ಸೋಮವಾರ

ನಿನ್ನೆ ಅಲ್ಲಿಗೇ ನಿಲ್ಲಿಸಬೇಕಾಯಿತು. ನಿನ್ನ ಅತ್ತಿಗೆ ಬಂದು ಪಕ್ಕದಲ್ಲಿ ಕೂತಳು. "ಅಂತೂ ತಂಗಿಗೆ ಬರೆಯೋ ಮನಸ್ಸು ಬಂತಾ. ನಮ್ಮ ಹುಡುಗಿ ವಿಷಯ ಬರೀರಿ, ಓದಿ ಸಂತೋಷಪಡ್ತಾಳೆ" ಎಂದಳು. ಅದನ್ನೇ ಬರೆಯುತ್ತೇನೆ.

ಮೂರು ವರ್ಷದ ಹಿಂದೆ ಸ್ಕೀ ಸ್ಪರ್ಧೆಯ ದಿನ ನೀನೂ ಬಂದಿದ್ದೆ. ಐದನೆಯ ತಿರುವಿನಲ್ಲಿ ನನ್ನ ಮಗಳು ಬಿದ್ದದ್ದನ್ನು ನೀನೂ ನೋಡಿದೆ. ಸ್ಕೀ ಕಳಚಲಿಲ್ಲ, ಮಂಡಿ ತಿರುಚಿಹೋಯಿತು. ಆಗ ಹದಿನಾರು, ಈಗ ಹತ್ತೊಂಬತ್ತು. ಎರಡು ಆಪರೇಶನ್ ಆದರೂ ಎಡಗಾಲು ಪೂರ್ತಿ ಮಡಚುವುದಿಲ್ಲ, ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಾಳೆ. ಆವತ್ತಿನಿಂದ ಇಳಿಜಾರಿನ ಕಡೆಯ ಕಿಟಕಿಯ ಪರದೆ ಸರಿಸುತ್ತಿರಲಿಲ್ಲ. ನನ್ನ ಅಂಗಡಿ ಇರುವ ಬೀದಿಯಲ್ಲಿ ಕಾಲಿಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ, ಬಡಿಸಿದಷ್ಟು ಊಟ, ಅಷ್ಟೇ.

ಜನವರಿಯಲ್ಲಿ ಮೇಜು ಒರೆಸುವಾಗ ನಿನ್ನ ಪತ್ರ ಅವಳ ಕೈಗೆ ಸಿಕ್ಕಿದೆ. ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅಟ್ಟದಲ್ಲಿ ಸದ್ದು. ನೋಡಿದರೆ ಆ ಕಾಲಿನಲ್ಲಿ ಏಣಿ ಹತ್ತಿ ತನ್ನ ಹಳೆಯ ಸ್ಕೀ ಜೋಡಿಯನ್ನು ಇಳಿಸುತ್ತಿದ್ದಾಳೆ. ನಾನು ಹೋಗಿ ಏಣಿ ಹಿಡಿದುಕೊಂಡೆ.

"ಇದನ್ನ ಚಿನಕುರುಳಿಗೆ ಕೊಡೋಣ ಅಪ್ಪ" ಎಂದಳು.

"ಅದು ಸ್ಪರ್ಧೆಯದಮ್ಮ, ಅವಳಿಗೆ ಉದ್ದ ಆಗುತ್ತೆ."

"ಹಾಗಾದ್ರೆ ಇದನ್ನ ಅಂಗಡಿಗೆ ಕೊಟ್ಟು ಚಿಕ್ಕದು ತರೋಣ. ಕೊಂಡಿ ನಾನೇ ಕೂರಿಸ್ತೀನಿ. ನೀನು ಹೇಳ್ಕೊಡು."

ಆಮೇಲೆ ನೆಲದ ಮೇಲೆ ಕಾಲು ಚಾಚಿ ಕೂತು, ಕಿಂಡಿಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿ ನಂಬರು ನೋಡಿದಳು. ತನ್ನ ಆಗಿನ ತೂಕ, ಎತ್ತರ ಬೆರಳಲ್ಲಿ ಲೆಕ್ಕ ಹಾಕಿದಳು. "ಸರಿಯಾಗೇ ಇಟ್ಟಿದ್ದೆ ನೀನು. ತಪ್ಪೆಲ್ಲ ನನ್ನದೇ. ತಿರುವಿನಲ್ಲಿ ಮಂಡಿ ಬಗ್ಗಿಸ್ಲಿಲ್ಲ" ಎಂದಳು.

ಅವತ್ತಿನಿಂದ ವಾರಕ್ಕೆ ಮೂರು ದಿನ ಅಂಗಡಿಗೆ ಬರುತ್ತಿದ್ದಾಳೆ. ಯಜಮಾನರು ಒಂದು ಏಪ್ರನ್ ಕೊಟ್ಟಿದ್ದಾರೆ, ಅದು ಅವಳ ಮಂಡಿಯವರೆಗೂ ಬರುತ್ತದೆ. ಗಿರಾಕಿ ಇಲ್ಲದ ಅಂಗಡಿಯಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ಬಾಡಿಗೆಯ ಹಳೆಯ ಸ್ಕೀಗಳಿಗೆಲ್ಲ ಮೇಣ ಹಚ್ಚುತ್ತಾಳೆ, ಅಂಚು ಮಸೆಯುತ್ತಾಳೆ. ಕೈ ಚುರುಕು, ನನ್ನದಕ್ಕಿಂತ ಅಚ್ಚುಕಟ್ಟು. ಮೊನ್ನೆ ಊಟಕ್ಕೆ ಕೂತು "ಉಪ್ಪು ಕಮ್ಮಿ ಆಯ್ತಮ್ಮ" ಎಂದು ಮುಖ ಸಿಂಡರಿಸಿದಳು. ನಿನ್ನ ಅತ್ತಿಗೆ ಒಳಗೆ ಹೋಗಿ ಉಪ್ಪಿನ ಡಬ್ಬಿ ಹಿಡಿದುಕೊಂಡು ಅತ್ತಳು. ಮಗಳು ಈ ಮೂರು ವರ್ಷದಲ್ಲಿ ತನಗಾಗಿ ಬೇಕು ಎಂದು ಕೇಳಿದ್ದು ಅದೇ ಮೊದಲು.

ಚಿನಕುರುಳಿಯ ಹೆಸರಿನಲ್ಲಿ ಒಂದು ಚೀಟಿ ಮಾಡಿ ಕೌಂಟರಿನ ಗಾಜಿನ ಕೆಳಗೆ ಸಿಕ್ಕಿಸಿದ್ದಾಳೆ. ವಯಸ್ಸು ಬರೆದಿದ್ದಾಳೆ, ಆಟ ಎಂಬಲ್ಲಿ "ಹೊಸಬಳು" ಎಂದು ಬರೆದಿದ್ದಾಳೆ, ತೂಕದ ಜಾಗ ಖಾಲಿ. "ಅತ್ತೆಗೆ ಬರಿ ಅಪ್ಪ, ತೂಕ ನಿಜವಾದದ್ದು ಕಳಿಸ್ಲಿ, ಕಂಜೂಸಿ ಬೇಡ" ಎಂದು ದಿನಾ ನನ್ನ ತಲೆ ತಿನ್ನುತ್ತಾಳೆ.

ಈಗ ನಾನು ನಿನ್ನನ್ನು ಕೇಳುವುದು ಒಂದೇ. ತೂಕ ಕಳಿಸಬೇಡ. ಎರಡು ಸಾಲು ಬರೆ, ನನಗಲ್ಲ, ಅವಳ ಹೆಸರಿಗೇ. ಚಿನಕುರುಳಿಗೆ ಸ್ಕೀ ಹುಚ್ಚು ಬಿಟ್ಟುಹೋಯಿತು, ಈಗ ಈಜು ಬೇಕಂತೆ, ನಾವು ಬರುವುದಿಲ್ಲ ಎಂದು ಬರೆ. ಚಿನಕುರುಳಿಯನ್ನು ನೀನೇ ಹೇಗಾದರೂ ಸಮಾಧಾನ ಮಾಡು. ಮಕ್ಕಳು ನಾಲ್ಕು ದಿನ ಮುಖ ಊದಿಸಿಕೊಂಡು ಆಮೇಲೆ ಮರೆಯುತ್ತಾರೆ.

ಯಾಕೆ ಎಂದು ಕೇಳುತ್ತೀಯ. ಹಿಮ ಇನ್ನು ಸರಿಯಾಗಿ ಬೀಳುವುದಿಲ್ಲ, ಅದು ಒಂದು. ಅಂಗಡಿ ಇನ್ನೊಂದು ಚಳಿಗಾಲ ದಾಟುವುದು ಅನುಮಾನ, ಆಗ ಆ ಸ್ಟೂಲು ಹೋದರೆ ಇವಳು ಮತ್ತೆ ಪರದೆಯ ಹಿಂದಕ್ಕೆ ಹೋಗುತ್ತಾಳೆ. ಇವಳು ಕೂರಿಸಿದ ಕೊಂಡಿಯಲ್ಲಿ ನಿನ್ನ ಮಗು ಬಿದ್ದು ಸಣ್ಣ ಪೆಟ್ಟಾದರೂ ಸಾಕು, ಅದನ್ನೂ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ. ಇಷ್ಟು ಕಾರಣ ಸಾಲದೆ. ನೀನು ಹಾಗೆ ಬರೆದರೆ ಅವಳು ಅಂಗಡಿಗೆ ಬರುವುದನ್ನು ನಿಲ್ಲಿಸುತ್ತಾಳೆ, ಅದು ನನಗೆ ಗೊತ್ತಿಲ್ಲದೆ ಇಲ್ಲ. ಆದರೂ ಬರೆ.

ನೀವು ಮೂವರೂ ತಣ್ಣಗಿರಿ. ಚಿನಕುರುಳಿ ಚೆನ್ನಾಗಿ ಓದಲಿ, ಕೈಕಾಲು ಗಟ್ಟಿಯಾಗಿ ಬೆಳೆಯಲಿ. ನಿನ್ನ ಬೆನ್ನುನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದನ್ನು ಬಿಡಬೇಡ.

ಇತಿ,
ನಿನ್ನ ಅಣ್ಣ

ಮತ್ತೆ ಬರೆದದ್ದು: ಮಡಚಿ ಲಕೋಟೆಗೆ ಹಾಕಿದ ಮೇಲೆ ಬಿಚ್ಚಿದೆ. ನಿನ್ನ ಹತ್ತಿರವೂ ತಿಪ್ಪೆ ಸಾರಿಸಿದರೆ ಇನ್ನು ಯಾರ ಹತ್ತಿರ ಬಾಯಿ ಬಿಡಲಿ.

ಸ್ಪರ್ಧೆಯ ದಿನ ಆ ಕೊಂಡಿಯ ಮೇಲೆ ಇದ್ದದ್ದು ಪಟ್ಟಿಯ ನಂಬರಲ್ಲ. ಅದರ ಹಿಂದಿನ ವರ್ಷ ಸ್ಕೀ ಕಳಚಿಕೊಂಡು ಅವಳು ಗುರಿ ಮುಟ್ಟದೆ ವಾಪಸು ಬಂದಿದ್ದಳು. ಮತ್ತೆ ಹಾಗಾಗಬಾರದು, ನನ್ನ ಮಗಳು ಗೆಲ್ಲಬೇಕು ಎಂದು ಆ ಬೆಳಿಗ್ಗೆ ನಾನು ಸ್ಕ್ರೂ ಬಿಗಿದು ನಂಬರನ್ನು ಮೂರು ಏರಿಸಿದೆ. ಅವಳು ಕೇಳಿರಲಿಲ್ಲ. ಅವಳಿಗೆ ಹೇಳಲೂ ಇಲ್ಲ. ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ, ಜರ್ಕಿನ್ ತರುತ್ತೇನೆಂದು ನಾನು ಕಾರಿನ ಹತ್ತಿರ ಹೋದೆ. ನೀನೂ ಎದ್ದೆ, ಬೇಡ ಕೂತಿರು ಎಂದೆ. ಅವಳ ತರಬೇತುದಾರರು ಸ್ಕೀಗಳನ್ನು ಹಿಂದಿನ ಸೀಟಿನ ಮೇಲೆ ಇಟ್ಟಿದ್ದರು. ಒಳಗೆ ಅವಳ ಕಾಲಿಗೆ ಕತ್ತರಿ ಹಾಕುತ್ತಿದ್ದಾಗ ನಾನು ಹೊರಗೆ ಸ್ಕ್ರೂ ಸಡಿಲಿಸಿ ನಂಬರನ್ನು ಮೊದಲಿನ ಜಾಗಕ್ಕೆ ಇಳಿಸುತ್ತಿದ್ದೆ.

ಅವಳು ಈಗ ಕೆಲಸ ಕಲಿಯುತ್ತಿದ್ದಾಳೆ. ಹೋದ ವಾರ ಪಟ್ಟಿಯ ಮೇಲೆ ಬೆರಳಿಟ್ಟು, "ಅಪ್ಪ, ಈ ನಂಬರಿಗೆ ಅಷ್ಟು ಜೋರಾಗಿ ಬಿದ್ರೆ ಬಿಟ್ಕೋಬೇಕಿತ್ತಲ್ವಾ, ಯಾಕೆ ಬಿಡ್ಲಿಲ್ಲ" ಎಂದಳು. ಬೂಟಿನ ಅಡಿಗೆ ಹಿಮ ಮೆತ್ತಿಕೊಂಡಿರಬೇಕು ಎಂದೆ. "ಒರೆಸ್ಕೊಂಡು ಹಾಕ್ಕೋಬೇಕಿತ್ತು, ಅದೂ ನನ್ನ ತಪ್ಪೇ" ಎಂದು ಮತ್ತೆ ಮೇಣ ಹಚ್ಚತೊಡಗಿದಳು. ಇನ್ನೊಂದೆರಡು ತಿಂಗಳು ಆ ಸ್ಟೂಲಿನ ಮೇಲೆ ಕೂತರೆ ಅವಳಿಗೆ ತಿಳಿದುಹೋಗುತ್ತದೆ. ಬೇಡ ಎಂದು ಬರೆ ಅಂದದ್ದು ಅದಕ್ಕೆ.

ವರ್ಷ ವರ್ಷ ಆ ದಿನ ಬಂದಾಗ ಅವಳು ನನ್ನ ಪಕ್ಕದಲ್ಲಿ ಬಂದು ಕೂರುತ್ತಾಳೆ. "ನಿನ್ನ ಆಸೆಯೆಲ್ಲ ಹಾಳು ಮಾಡ್ಬಿಟ್ಟೆ, ಕ್ಷಮಿಸು ಅಪ್ಪ" ಎನ್ನುತ್ತಾಳೆ. ಈ ವರ್ಷವೂ ಅಂದಳು. ನಾನು ತಲೆ ಸವರಿ, ಹೋಗಲಿ ಬಿಡಮ್ಮ ಎನ್ನುತ್ತೇನೆ. ಕ್ಷಮಿಸಿಬಿಡುತ್ತೇನೆ ತಂಗಿ, ಪ್ರತಿ ವರ್ಷ.