ಹಂಪಮ್ಮನ ಕೈಗೆ ಕೊಟ್ಟ ಕಾವು

ಗಣಿಶಕ ಇನ್ನೂರ ಹನ್ನೆರಡು, ಮೂರನೇ ಬೇಸಿಗೆಯ ಹುಣ್ಣಿಮೆ
ಬಿಸಿಲಂತಸ್ತು

ಹಿಂದಿನವರಿಗೆ ಅಮರಮ್ಮನ ನಮಸ್ಕಾರ.

ನಮ್ಮಲ್ಲಿ ವರ್ಷಕ್ಕೆ ಮೂರು ಬೇಸಿಗೆ. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಎಲ್ಲಿಯೂ ಸಿಗದು, ಹುಡುಕಬೇಡಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಬಹುದು. ಅದಕ್ಕೆ ಕ್ಷಮೆ ಕೇಳುವುದು ರೂಢಿ, ಕೇಳಿದ್ದೇನೆ ಎಂದುಕೊಳ್ಳಿ. ನಿಮಗೆ ಬರೆಯುತ್ತಿರುವುದು ಪ್ರೀತಿಯಿಂದಲ್ಲ. ಮೇಲಿನವರು ಕೆಳಗಿನವರಿಗೆ ಕಾಗದ ಬರೆಯುವಂತಿಲ್ಲ, ಎಂದೋ ಸತ್ತುಹೋದವರಿಗೆ ಬರೆಯಲು ಮಾತ್ರ ಯಾರ ಅಡ್ಡಿಯೂ ಇಲ್ಲ. ಕೆಳಗೆ ನಮ್ಮವ್ವ ಈ ವಾರ ನನ್ನ ತಂಗಿ ಹಂಪಮ್ಮನ ಮಣಿಕಟ್ಟನ್ನು ಕರಿದೀಪಕ್ಕೆ ಹಿಡಿಯುತ್ತಾಳೆ. ಹಿಡಿದರೆ ಆ ಹುಡುಗಿಯ ಬದುಕು ಹಾಳು. ಹಂಪಮ್ಮನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತಿದ್ದೇನೆ.

ನಾವಿರುವುದು ರಾಯಚೂರು ಸೀಮೆಯ ಒಂದು ಹಳೆಯ ಗಣಿಯಲ್ಲಿ. ಚಿನ್ನವನ್ನೆಲ್ಲ ಬಳಿದುಕೊಂಡು ನೀವು ಬಿಟ್ಟುಹೋದ ಬಿಲ ಅದು. ನೆಲದ ಮೇಲಿನ ಬಿಸಿಲು ಚರ್ಮ ಸುಲಿಯತೊಡಗಿದ ಮೇಲೆ ನಮ್ಮ ಹಿರಿಯರು ಅದರೊಳಗೆ ಇಳಿದರು. ತಳದ ಅಂತಸ್ತು ತಂಪು. ಅಲ್ಲಿ ಒರತೆಯ ನೀರಿದೆ, ಅಣಬೆಯ ಹೊಲಗಳಿವೆ, ಮದುವೆ ತೊಟ್ಟಿಲುಗಳ ಗದ್ದಲವಿದೆ. ಗಣಿಬಾಯಿಗೆ ಹತ್ತಿರದ್ದು ಬಿಸಿಲಂತಸ್ತು. ಇಲ್ಲಿಯವರು ದಿನಾ ಹೊರಗೆ ಹೋಗಿ ಸೌರಫಲಕಗಳ ಧೂಳು ಒರೆಸುತ್ತೇವೆ. ಆ ಕರೆಂಟು ಕೆಳಗೆ ಹೋಗುತ್ತದೆ. ಕೆಳಗಿನಿಂದ ರೊಟ್ಟಿ ಬರುತ್ತದೆ, ಅವರು ಉಂಡು ಉಳಿದರೆ. ಒಳಗೆ ಬಂದವರು ಮೈಗೆ ಎಣ್ಣೆ ಕಲಸಿದ ಮಣ್ಣು ಬಳಿದುಕೊಂಡು ಗೋಡೆಗೆ ಒರಗುತ್ತೇವೆ. ಯಾರು ಎಲ್ಲಿರಬೇಕು ಎಂಬುದನ್ನು ಮಿಣುಕು ತೀರ್ಮಾನಿಸುತ್ತದೆ.

ಮಿಣುಕು ಎಂದರೆ ನೀವು ಕ್ವಾಂಟಮ್ ಚುಕ್ಕೆ ಎನ್ನುತ್ತಿದ್ದ ಪುಡಿ. ನೀವು ಅದನ್ನು ಟಿವಿಯ ಗಾಜಿನ ಹಿಂದೆ ಹಾಕಿ, ಬಣ್ಣ ಎಷ್ಟು ಚೆಂದ ಎಂದು ಬಾಯಿ ಬಿಟ್ಟುಕೊಂಡು ನೋಡಿದಿರಿ. ನಾವು ತೊಟ್ಟಿಲ ದಿನವೇ ಅದನ್ನು ಕೂಸಿನ ಮಣಿಕಟ್ಟಿಗೆ ಹಚ್ಚೆ ಹಾಕುತ್ತೇವೆ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಪದಾರ್ಥ ಒಂದೇ, ಬಣ್ಣ ಗಾತ್ರದ್ದು: ದೊಡ್ಡ ಹರಳು ಕೆಂಪು ಹೊಳೆಯುತ್ತದೆ, ಅದಕ್ಕಿಂತ ಸಣ್ಣದು ಹಸಿರು, ತೀರ ಸಣ್ಣದು ನೀಲಿ. ಹೊಳೆಯಬೇಕಾದರೆ ಮೇಲೆ ನೇರಳಾತೀತ ಕಿರಣ ಬೀಳಬೇಕು. ಅದನ್ನು ಬೀರುವ, ಉರಿದರೂ ಉರಿದಂತೆ ಕಾಣದ ದೀಪವೇ ಕರಿದೀಪ. ಕೆಂಪಿನವರು ತಳದಲ್ಲಿ, ಹಸಿರಿನವರು ಮೇಲೆ. ನೀಲಿಯವರು ಗಣಿಬಾಯಿಯ ಹೊರಗೇ ಮಲಗಬೇಕು. ಮಿಣುಕು ಆರಿಹೋದವರಿಗೆ ರೊಟ್ಟಿಯಿಲ್ಲ, ಎದುರಿಗೇ ನಿಂತು ಬೇಡಿದರೂ ಅವರು ಸತ್ತವರೆಂದೇ ಲೆಕ್ಕ.

ನಾನು ಕೆಂಪಿನಲ್ಲಿ ಹುಟ್ಟಿದವಳು. ತಳದಲ್ಲಿ ಹೆಣ್ಣು ನೋಡಲು ಬಂದವರು ಮುಖ ಆಮೇಲೆ ನೋಡುತ್ತಾರೆ, ಮೊದಲು ಕೈ. ಕೋಣೆ ಕತ್ತಲು ಮಾಡಿ, ಕರಿದೀಪ ಹಿಡಿದು, ಕೆಂಪು ಎಷ್ಟು ಧಗಧಗಿಸುತ್ತದೆ ಎಂದು ಪರೀಕ್ಷಿಸುತ್ತಾರೆ. ಮಿಣುಕು ಮಂಕಾದರೆ ರಕ್ತವೂ ಮಂಕು ಎಂದು ಅವರ ನಂಬಿಕೆ. ಅದಕ್ಕೇ ತಾಯಂದಿರು ಮುಂಚಿತವಾಗಿ ಮಗಳ ಕೈಗೆ ಕಾವು ಕೊಡುತ್ತಾರೆ, ಎಂದರೆ ಕರಿದೀಪದ ಕೆಳಗೆ ಕೂರಿಸುತ್ತಾರೆ. ಅದು ಪೂರ್ತಿ ಮೂಢತನವೂ ಅಲ್ಲ. ಹರಳಿನ ಮೈಯಲ್ಲಿ ಅಲ್ಲಲ್ಲಿ ಕುಂದುಗಳಿರುತ್ತವೆ, ಬೆಳಕಾಗಬೇಕಾದ್ದು ಅಲ್ಲಿ ಸೋರಿಹೋಗುತ್ತದೆ. ಸ್ವಲ್ಪ ಹೊತ್ತು ಕಿರಣ ತಾಗಿದರೆ ಆ ಕುಂದು ಮುಚ್ಚಿ ಹೊಳಪು ಏರುತ್ತದೆ. ಏರಿದ್ದನ್ನು ಕಂಡ ತಾಯಿಗೆ ಆಸೆ ಹುಟ್ಟುತ್ತದೆ, ಕೈ ತೆಗೆಯಲು ಮನಸ್ಸಾಗುವುದಿಲ್ಲ. ಅತಿಯಾದರೆ ಅದೇ ಕಿರಣ ಗಾಳಿಯ ಜೊತೆ ಸೇರಿ ಹರಳಿಗೆ ತುಕ್ಕು ಹಿಡಿಸುತ್ತದೆ. ಹೊಳಪು ಬೀಳುತ್ತದೆ. ಬಳಸಿದ ಸಾಬೂನಿನಂತೆ ಹರಳು ಸವೆಯುತ್ತದೆ, ಸವೆದಷ್ಟೂ ಬಣ್ಣ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಜಾರುತ್ತದೆ.

ನಮ್ಮವ್ವ ಆಸೆಬುರುಕಿ. ನನ್ನನ್ನು ಕರಿದೀಪದ ಕೆಳಗೆ ಕೂರಿಸಿ ಅಣಬೆ ಬಿಡಿಸಲು ಹೋದವಳು ಮಾತಿಗೆ ಕೂತು ಮರೆಯುತ್ತಿದ್ದಳು. ಕೈ ಮಂಕಾದಾಗ ಎದೆ ಬಡಿದುಕೊಂಡಳು. ಕತ್ತಲಲ್ಲಿಟ್ಟರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ಕೈಗೆ ಕಂಬಳಿ ಸುತ್ತಿ ನನ್ನನ್ನು ಅಣಬೆಯ ಕೋಣೆಯಲ್ಲಿ ಕೂಡಿ ಹಾಕಿದಳು. ಕತ್ತಲು ತನ್ನ ಕೆಲಸ ಮಾಡಿತು, ಹೊಳಪು ಮರಳಿ ಬಂತು. ಸವೆದದ್ದು ಮರಳಲಿಲ್ಲ. ಗಂಡಿನವರು ದೀಪ ಹಿಡಿದಾಗ ನನ್ನ ಮಣಿಕಟ್ಟು ಎಲ್ಲರ ಮುಖಕ್ಕೂ ಬೆಳಕು ಬೀಳುವಂತೆ ಹಸಿರು ಹೊಳೆಯಿತು. ಮಂಕಾಗಿಯೇ ಇದ್ದಿದ್ದರೆ ಬಣ್ಣ ಯಾವುದೆಂದು ತಿಳಿಯದೆ ಪಾರಾಗುತ್ತಿದ್ದೆನೋ ಏನೋ. ಗಂಡಿನ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಂದೇ ನನ್ನನ್ನು ಮೆಟ್ಟಿಲು ಹತ್ತಿಸಿದರು. ಕೊನೆಯ ಮೆಟ್ಟಿಲಲ್ಲಿ ಹೆತ್ತವಳೇ ಬೆನ್ನಿಗೆ ಕೈಯಿಟ್ಟು ದೂಡಬೇಕು, ಅದು ಪದ್ಧತಿ. ಅವ್ವ ದೂಡಿದಳು. ಮೆಲ್ಲಗೆ ದೂಡಬಹುದಿತ್ತು.

ನಿನ್ನೆ ಅವ್ವ ಎರಡು ಅಂತಸ್ತುಗಳ ನಡುವಿನ ಜಾಲರಿಯ ತನಕ ಬಂದಿದ್ದಳು. ಮದುವೆಯಾಗದ ಹುಡುಗಿಯರನ್ನು ಅಲ್ಲಿಗೆ ಬಿಡುವುದಿಲ್ಲ, ಉಳಿದವರು ಬಂದು ಮಾತಾಡಿ ಹೋಗಬಹುದು. ಹಂಪಮ್ಮನನ್ನು ನೋಡಲು ಗಂಡಿನವರು ಬರುತ್ತಾರಂತೆ. ನಾಳೆಯಿಂದ ಕಾವು ಕೊಡುವುದಂತೆ. "ಕೊಡಬ್ಯಾಡವ್ವ, ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಕೈ ನೋಡು," ಎಂದೆ. ಅವಳು ನೋಡಲಿಲ್ಲ. "ಕೊಡಲಿಲ್ಲಂದ್ರ ಮಂಕ ಕಾಣ್ತದ. ಮಂಕ ಹುಡುಗೀನ ಯಾರ ಮಾಡ್ಕೊಂತಾರ?" ಎಂದಳು. ನಾನು ಬಿಡದೆ ಹೇಳುತ್ತಲೇ ಇದ್ದೆ. ಹರಳು ಸವೆಯುವ ಬಗೆಯನ್ನು ನಿಮಗೆ ವಿವರಿಸಿದಂತೆಯೇ ಅವಳಿಗೂ ವಿವರಿಸಿದೆ. "ನಿಂದು ನಿನ್ನ ಹಣೇಬರ. ತಂಗಿ ಮ್ಯಾಲ ಯಾಕ ಕಣ್ಣ ಹಾಕ್ತಿ?" ಎಂದು ಎದ್ದುಹೋದಳು. ಹಸಿರಿನವರ ಬಾಯಲ್ಲಿ ಬರುವುದೆಲ್ಲ ಹೊಟ್ಟೆಕಿಚ್ಚಿನ ಮಾತು ಎಂದು ತಳದಲ್ಲಿ ಎಲ್ಲರೂ ತಿಳಿದಿದ್ದಾರೆ. ಅಲ್ಲಿದ್ದಾಗ ನಾನೂ ಹಾಗೇ ತಿಳಿದಿದ್ದೆ.

ಇಷ್ಟು ಬರೆದು ಕಾಗದ ಮಡಿಚಿಟ್ಟಿದ್ದೆ. ಕೆಲವು ದಿನ ಕಳೆದಿವೆ, ಈಗ ಮತ್ತೆ ಬಿಚ್ಚಿದ್ದೇನೆ.

ಇವತ್ತು ಹಂಪಮ್ಮ ಮೇಲೆ ಬಂದಳು. ಬಿದ್ದು ಮೊಣಕಾಲು ತರಚಿತ್ತು. ಇಲ್ಲಿ ಕೆಲಸ ಹಂಚುವ ಮೇಸ್ತ್ರಿ ಎಲ್ಲರ ಎದುರು ಅವಳ ಕೈಗೆ ದೀಪ ಹಿಡಿದು ಬಣ್ಣ ನೋಡಿದ, ಹಸಿರೆಂದು ಕೂಗಿದ, ಅವಳಿಗೊಂದು ಒರೆಸುವ ಬಟ್ಟೆ ಎಸೆದ. ನಾನು ಗಾಯ ತೊಳೆದು ಮೈಗೆ ಮಣ್ಣು ಬಳಿದೆ. "ಅವ್ವ ಕರಕೊಂಡು ಹೋಗಾಕ ಬರ್ತಾಳೇನಕ್ಕಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ನನ್ನ ತೊಡೆಯ ಮೇಲೆ ಮುಖವಿಟ್ಟು ಅತ್ತಳು, ಅತ್ತಷ್ಟೂ ಹೊತ್ತು ನಾನು ತಲೆ ಸವರಿದೆ.

ಎಚ್ಚರಿಕೆ ಹೇಳಿ ಮುಗಿಸುವುದು ಇಂಥ ಕಾಗದಗಳ ಕ್ರಮ. ನಿಮಗೆ ಹೇಳಿ ಆಗಬೇಕಾದ್ದು ಏನೂ ಇಲ್ಲ, ನಿಮ್ಮ ಪಾಡಿಗೆ ನೀವಿರಿ. ಒಂದು ಮಾತು ಮಾತ್ರ ಇಲ್ಲಿ ಯಾರಿಗೂ ಹೇಳುವಂತಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ. ಅದಕ್ಕೇ ನಿಮಗೆ ಬರೆಯುತ್ತೇನೆ. ಮೇಸ್ತ್ರಿ ದೀಪ ಹಿಡಿದಾಗ ನನ್ನ ತಂಗಿಯ ಕೈ ಹಸಿರು ಹೊಳೆಯಿತಲ್ಲ, ಅದನ್ನು ಕಂಡು ನನಗೆ ಸಂತೋಷವಾಯಿತು.